ಪೇಪರ್ ರೋಲ್ ನೇತುಹಾಕಲು ಕೋಲಾಟದ ಕೋಲೇ ಮೇಲು

ಕಿಚನ್ ಟವೆಲ್ ರೋಲ್‌ಗೆಂದು ಮನೆಯಲ್ಲೇ ಬಿದ್ದಿದ್ದ ಸಾಮಾನಿನಿಂದ ಮೂರು ಬಗೆಯ ಹೋಲ್ಡರ್ ಮಾಡಿ, ಒಂದೇ ಅಡುಗೆಮನೆಯಲ್ಲಿ ಒಂದಾದ ಮೇಲೊಂದು ಬಳಸಿದ್ದಾಯಿತು. ಗೋಡೆಯ ಮೇಲೆ ಉಳಿದಿರುವುದು ಒಂದೇ: ಶಾಲೆಯ ವಾರ್ಷಿಕೋತ್ಸವ ಮುಗಿದ ಮೇಲೆ ಮೂಲೆ ಸೇರಿದ್ದ ಕೋಲಾಟದ ಕೋಲು, ಮ್ಯಾಕ್ರಮೆಯಲ್ಲಿ (ಹುರಿಗೆ ಗಂಟು ಹಾಕಿ ಮಾಡುವ ಹೆಣಿಗೆ) ಮಿಕ್ಕಿದ 4 ಮಿ.ಮೀ. ಹತ್ತಿ ಹುರಿ, ಹಳೇ ಪರದೆಯ ಒಂದು ಸ್ಟೀಲ್ ರಿಂಗ್. ಲಾಂಡ್ರಿಯ ತಂತಿ ಹ್ಯಾಂಗರ್ ಮತ್ತು ಕಸೂತಿ ರಿಂಗ್ ಎರಡೂ ಇದರ ಮುಂದೆ ನಿಲ್ಲಲಿಲ್ಲ.

ಹ್ಯಾಂಗರ್ ಐದು ನಿಮಿಷದ ಕೆಲಸ. ಕೆಳಗಿನ ಅಡ್ಡ ತಂತಿಯನ್ನು ಕಟಿಂಗ್ ಪ್ಲೇಯರ್‌ನಿಂದ ನಡುವೆ ತುಂಡರಿಸಿ, ಎರಡೂ ತುದಿಗಳನ್ನು ರೋಲಿನ ಕೊಳವೆಯೊಳಗೆ ತೂರಿಸಿದರೆ ಆಯಿತು. ಆದರೆ ತಂತಿ ತೆಳು. ಎಳೆದಾಗಲೆಲ್ಲ ತೋಳುಗಳು ಚೂರುಚೂರೇ ಅಗಲವಾಗುತ್ತಾ ಹೋಗಿ, ಕೊನೆಗೆ ರೋಲ್ ಒಂದು ಬದಿಯಿಂದ ಕಳಚಿ ಸಿಂಕಿಗೆ ಬೀಳುತ್ತದೆ. ಕತ್ತರಿಸಿದ ತುದಿಗೆ ಲೇಪ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು.

ಕಸೂತಿ ರಿಂಗ್ ನೋಡಲು ಮೂರರಲ್ಲೂ ಚೆಂದ. ಎದುರುಬದುರು ಎರಡು ತೂತು ಕೊರೆದು ನಡುವೆ ಕೋಲು ಹಾಯಿಸುವುದು. ಮೋಸ ಹೋಗುವುದು ಅಳತೆಯಲ್ಲಿ. ರೋಲಿನ ಅಗಲ 22 ಸೆಂ.ಮೀ., ಹಾಗಾದರೆ 9 ಇಂಚಿನ ರಿಂಗ್ ಸಾಕು ಅನ್ನಿಸುತ್ತದೆ. ಸಾಲದು. ತುಂಬಿದ ರೋಲಿನ ದಪ್ಪ ಸುಮಾರು 11 ಸೆಂ.ಮೀ.; ರಿಂಗ್‌ಗೆ ತಗಲುವುದು ಅದರ ಮೂಲೆಗಳು, ಮೂಲೆಯಿಂದ ಮೂಲೆಗೆ 24.6 ಸೆಂ.ಮೀ. ಆಗುತ್ತದೆ. 10 ಇಂಚಿನದು ಉಸಿರು ಬಿಗಿಹಿಡಿದು ಹಿಡಿಸುತ್ತದೆ, ಸಲೀಸಾಗಿ ತಿರುಗಬೇಕೆಂದರೆ 12 ಇಂಚು ಬೇಕು. ಅಷ್ಟು ದೊಡ್ಡ ರಿಂಗ್ ಮನೆಯಲ್ಲಿ ಸುಮ್ಮನೆ ಬಿದ್ದಿರುವುದು ಅಪರೂಪ. ಬಿದಿರಿನದಾದರೆ ಕೊರೆಯುವಾಗ ಸೀಳುತ್ತದೆ: ಟೇಪ್ ಸುತ್ತಿ, ಮೊದಲು 3 ಮಿ.ಮೀ. ಬಿಟ್‌ನಲ್ಲಿ ಕೊರೆದು, ಆಮೇಲೆ ದೊಡ್ಡದು ಮಾಡಬೇಕು.

ಇನ್ನು ಕೋಲು. 32 ಸೆಂ.ಮೀ.ಗೆ ಕತ್ತರಿಸಿ, ತುದಿಗಳನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಹುರಿ 120 ಸೆಂ.ಮೀ. ಬೇಕು. ಅದನ್ನು ನಡುವೆ ಮಡಚಿ, ಮಡಿಕೆಯನ್ನು ಸ್ಟೀಲ್ ರಿಂಗ್ ಒಳಗೆ ತೂರಿಸಿ, ಎರಡೂ ಎಳೆಗಳನ್ನು ಆ ಮಡಿಕೆಯೊಳಗಿಂದ ಎಳೆದು ಬಿಗಿ ಮಾಡಿ. ತುದಿಗಳಲ್ಲಿ ಕೋಲು ತೂರುವಷ್ಟೇ ಅಗಲದ, ಜಾರದ ಕುಣಿಕೆ ಹಾಕಿ.

ತಲೆ ತಿನ್ನುವ ತೊಂದರೆ ಇಲ್ಲಿದೆ. ಪೇಪರನ್ನು ಬಲಗೈಯಲ್ಲಿ ಎಳೆದು ಹರಿದರೆ ರೋಲ್ ಬಲಕ್ಕೆ ವಾಲುತ್ತದೆ. ನೆಟ್ಟಗೆ ಮಾಡಿದರೆ ಮುಂದಿನ ಸಲ ಮತ್ತೆ ವಾಲುತ್ತದೆ. ರಿಂಗ್ ಮೇಲಿನ ಆ ಮಡಿಕೆ ನೋಡಲು ಬಿಗಿಯಾಗಿದ್ದರೂ, ಒಂದೇ ಎಳೆಗೆ ಭಾರ ಬಿದ್ದರೆ ಹುರಿ ಅದರೊಳಗೇ ಸರಿಯುತ್ತದೆ, ಬಾವಿಯ ರಾಟೆಯ ಹಗ್ಗದ ಹಾಗೆ ಒಂದು ಕಡೆ ಇಳಿದಷ್ಟು ಇನ್ನೊಂದು ಕಡೆ ಏರುತ್ತದೆ. ಇನ್ನೂ ಬಿಗಿದರೆ ಹೋಗುವ ತೊಂದರೆ ಇದಲ್ಲ. ರಿಂಗಿನ ಕೆಳಗೇ ಎರಡೂ ಎಳೆಗಳನ್ನು ಒಟ್ಟು ಸೇರಿಸಿ ಒಂದು ಗಂಟು ಹಾಕಿ. ಆಮೇಲೆ ಎರಡು ತೋಳುಗಳೂ ಬೇರೆಬೇರೆ, ಒಂದರ ಎಳೆತ ಇನ್ನೊಂದಕ್ಕೆ ಹೋಗುವುದಿಲ್ಲ. ಗಂಟು ಬಿಗಿಯುವ ಮುನ್ನ ಕೋಲನ್ನು ಕುಣಿಕೆಗಳಿಗೆ ಸಿಕ್ಕಿಸಿ ಸಮ ನೋಡಿಕೊಳ್ಳಿ.

ತೋಳಿನ ಎತ್ತರವೂ ಮುಖ್ಯ. ಗಂಟಿನಿಂದ ಕೋಲಿಗೆ ನೇರ 30 ಸೆಂ.ಮೀ. ಇರಲಿ. ಅಂದವಾಗಿ ಕಾಣಲೆಂದು 15ಕ್ಕೆ ಇಳಿಸಿದರೆ ಹುರಿ ಒಳಕ್ಕೆ ಓರೆಯಾಗಿ ತುಂಬಿದ ರೋಲಿನ ಮೇಲಂಚಿಗೆ ಉಜ್ಜುತ್ತದೆ, ಪೇಪರಿನ ಅಂಚು ನಾರುನಾರಾಗುತ್ತದೆ.

ಎರಡನೇ ಕಿರಿಕಿರಿ, ರೋಲ್ ಗಿರಗಿರ ತಿರುಗಿ ಒಂದು ಹಾಳೆಗೆ ಐದು ಹಾಳೆ ಬಿಚ್ಚಿಕೊಳ್ಳುವುದು. ಕೋಲಿಗೆ ಸೆಣಬು ಸುತ್ತಿದರೆ ನಿಲ್ಲುತ್ತದೆ ಎಂದು ಹೇಳುವವರಿದ್ದಾರೆ. ಕೋಲು ಕುಣಿಕೆಯಲ್ಲಿ ಸಡಿಲವಾಗಿದ್ದರೆ ಅದು ಉಲ್ಟಾ ಹೊಡೆಯುತ್ತದೆ: ಕೊಳವೆ ಕೋಲನ್ನು ಕಚ್ಚಿಕೊಳ್ಳುತ್ತದೆ, ಕೋಲೇ ಕುಣಿಕೆಯಲ್ಲಿ ಇನ್ನೂ ಸಲೀಸಾಗಿ ತಿರುಗುತ್ತದೆ. ತಡೆಯಬೇಕಾದ್ದು ಕೋಲನ್ನು. ಎರಡೂ ತುದಿಯಿಂದ 1.5 ಸೆಂ.ಮೀ. ಒಳಗೆ, ಹುರಿ ಕೂರುವಷ್ಟು ಅಗಲಕ್ಕೆ, 3 ಮಿ.ಮೀ. ಆಳದ ಕಚ್ಚು ಮಾಡಿ; ಸುತ್ತಲೂ ಬೇಡ, ಕೆಳಬದಿಗೆ ಮಾತ್ರ. ಹುರಿ ಆ ಚಪ್ಪಟೆ ಜಾಗದಲ್ಲಿ ಕೂತು ಕೋಲು ತಿರುಗದಂತೆ ಹಿಡಿಯುತ್ತದೆ, ರೋಲಿನ ಒತ್ತಿಗೆ ಕುಣಿಕೆ ಒಳಕ್ಕೆ ಜಾರುವುದೂ ನಿಲ್ಲುತ್ತದೆ. ಸೆಣಬು ಸುತ್ತುವುದಿದ್ದರೆ ಇದಾದ ಮೇಲೆ.

ರೋಲ್ ಬದಲಿಸಲು ಕೋಲನ್ನು ಸ್ವಲ್ಪ ಎತ್ತಿ ಒಂದು ಕುಣಿಕೆ ಜಾರಿಸಿದರೆ ಸಾಕು. ಹುರಿ ಜಿಡ್ಡಾದರೆ ಬಿಸಿನೀರು, ಸೋಪು.

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಬಿಡದಿದ್ದರೆ ಟೈಲ್ಸ್ ಮೇಲೆ ಅಂಟುವ ಕೊಕ್ಕೆ ಈ ಭಾರ ತಡೆಯುತ್ತದೆ; ಎಣ್ಣೆ ಪಸೆ ಪೂರ್ತಿ ಒರೆಸಿ, ಕೊಕ್ಕೆ ಅಂಟಿಸಿ, ಒಂದು ದಿನ ಬಿಟ್ಟು ತೂಗುಹಾಕಿ. ಒಲೆಯ ಮೇಲಂತೂ ಬೇಡವೇ ಬೇಡ, ಬೆಂಕಿಗೆ ಪೇಪರ್ ಹತ್ತಿರ ಇರಬಾರದು.

ಬಜ್ಜಿ ಕರಿಯುವಾಗ ಒಂದು ಕೈ ಜಾಲರಿಯಲ್ಲಿರುತ್ತದೆ, ಪೇಪರ್ ಹರಿಯಲು ಇನ್ನೊಂದೇ ಕೈ ಉಳಿಯುವುದು. ಅಂಥ ಅಡುಗೆಮನೆಗೆ ಕೋಲೇ ಸರಿ, ಹುರಿ ಸಾಲದಿದ್ದರೂ ಖರ್ಚು ಅದಕ್ಕಷ್ಟೇ. ಬೆಂಗಳೂರಿನ ಮಾಮೂಲ್‌ಪೇಟೆಯ ಕ್ರಾಫ್ಟ್ ಅಂಗಡಿಗಳಲ್ಲಿ ಸಿಗುತ್ತದೆ. ಹೊಲಿಗೆ ಮೇಜಿನ ಪಕ್ಕ ವಾರಕ್ಕೊಮ್ಮೆ ಕೈ ಹೋಗುವ ರೋಲ್‌ಗಾದರೆ ಹ್ಯಾಂಗರ್ ಸಾಕು. ಕತ್ತರಿಸಿದ ತುದಿಗಳಿಗೆ ಮಾತ್ರ ಉಗುರಿನ ಬಣ್ಣ ಹಚ್ಚಿ.