ಜಾಮ್ ಆದ ಡಿಸ್ಕ್ ಸ್ಕ್ರೂ ಬಿಚ್ಚಲು ಕೈ ಇಂಪ್ಯಾಕ್ಟ್ ಡ್ರೈವರ್: ಕಣ್ಣು ಮುಚ್ಚಿ ಕೊಳ್ಳಬಹುದು

ಮನೆಯಲ್ಲೇ ಕಾರು ಬಿಚ್ಚುವ ಅಭ್ಯಾಸ ಇರುವವರು ಈ ವರ್ಷ ಒಂದೇ ಒಂದು ಟೂಲ್ ಕೊಳ್ಳುವುದಾದರೆ ಇದನ್ನು ಕೊಳ್ಳಿ. ಬ್ಯಾಟರಿಯದ್ದಲ್ಲ, ಸುತ್ತಿಗೆಯಿಂದ ಹೊಡೆಯುವ ದಪ್ಪ ಹಿಡಿಯ ಹಳೇ ಮಾದರಿಯದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಟ್‌ಗಳ (ಸ್ಕ್ರೂಗೆ ಕೂರಿಸುವ ತುದಿಗಳು) ಸಮೇತ ಸಾವಿರ ರೂಪಾಯಿಯೊಳಗೆ ಸಿಕ್ಕಿತು.

ನಾನು ತಂದಿದ್ದು ನಮ್ಮ ಹಳೇ ಹೋಂಡಾ ಸಿಟಿಯ ಮುಂದಿನ ಬ್ರೇಕ್ ಡಿಸ್ಕ್ ಬದಲಿಸಲು. ಈ ಕಾರನ್ನು ಬಿಚ್ಚಿದವರಿಗೆಲ್ಲ ಗೊತ್ತು, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಕಳಚುವುದು ಸುಲಭ, ಡಿಸ್ಕನ್ನು ಹಬ್‌ಗೆ (ಚಕ್ರ ಕೂರುವ ನಡುಭಾಗ) ಹಿಡಿದಿರುವ ಎರಡು ಪುಟ್ಟ ಸ್ಟಾರ್ ಸ್ಕ್ರೂಗಳೇ ಕಾಟ. ಅವಕ್ಕೆ ಬೇಕಾದ ಬಿಗಿ ಬರೀ 9.8 ನ್ಯೂಟನ್ ಮೀಟರ್. ಚಕ್ರದ ನಟ್‌ಗೆ 108. ಡಿಸ್ಕನ್ನು ನಿಜವಾಗಿ ಒತ್ತಿ ಹಿಡಿಯುವುದು ಚಕ್ರದ ನಟ್‌ಗಳೇ. ಆದರೂ ಈ ಸ್ಕ್ರೂಗಳು ಅಲ್ಲಾಡುವುದಿಲ್ಲ, ಯಾಕಂದ್ರೆ ತಲೆ ಪೂರ್ತಿ ಡಿಸ್ಕಿನ ಗುಳಿಯೊಳಗೆ ಕೂತಿರುತ್ತದೆ, ಸಿಗ್ನಲ್ ಸಿಗ್ನಲ್‌ಗೂ ಬ್ರೇಕ್ ಹಾಕಿ ಕಾಯಿಸುತ್ತೇವೆ, ಮೇಲೆ ಮಳೆಗಾಲದ ಕೆಸರು ನೀರು ಬೇರೆ. ವರ್ಷಗಟ್ಟಲೆ ಹೀಗೇ ನಡೆದರೆ ತುಕ್ಕು ಎಲ್ಲವನ್ನೂ ಒಂದು ಮಾಡಿಬಿಡುತ್ತದೆ.

ಸಾದಾ ಸ್ಕ್ರೂಡ್ರೈವರ್ ಇಲ್ಲಿ ಕೆಲಸಕ್ಕೆ ಬಾರದು. ಸ್ಕ್ರೂ ತಲೆಯ ಸ್ಟಾರ್ ಕಚ್ಚಿನ ಗೋಡೆಗಳು ಇಳಿಜಾರಾಗಿರುತ್ತವೆ, ಜೋರಾಗಿ ತಿರುಗಿಸಿದಷ್ಟೂ ತುದಿ ಮೇಲಕ್ಕೆ ಜಾರಿ ಸ್ಕ್ರೂ ಸ್ಲಿಪ್ ಆಗುತ್ತದೆ. ಇಂಪ್ಯಾಕ್ಟ್ ಡ್ರೈವರ್ ಒಳಗೆ ಓರೆಯಾಗಿ ಕೊರೆದ ಕ್ಯಾಮ್ ಇದೆ. ಹಿಂದಿನಿಂದ ಹೊಡೆದರೆ ಬಿಟ್ ಒಳಕ್ಕೆ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಸ್ವಲ್ಪ ತಿರುಗುತ್ತದೆ. ಜಾರಲು ಸಮಯವೇ ಇಲ್ಲ. ಹೊಡೆತದ ಅದುರಿಗೆ ತುಕ್ಕೂ ಬಿರುಕು ಬಿಡುತ್ತದೆ.

ಬಳಸುವ ರೀತಿ ಮುಖ್ಯ. ಸ್ಕ್ರೂ ತಲೆಯ ಕೊಳೆಯನ್ನು ಮೊಳೆಯಿಂದ ಕೆರೆದು ತೆಗೆಯಿರಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಡ್ರೈವರ್ ಬಿಚ್ಚುವ ದಿಕ್ಕಿಗೆ ಸೆಟ್ ಆಗಿದೆಯಾ ನೋಡಿ, ಬಿಟ್ ಕೂರಿಸಿ, ಹಿಡಿಯನ್ನು ಎಡಕ್ಕೆ ಬಿಗಿಯಾಗಿ ತಿರುಗಿಸಿ ಹಿಡಿದುಕೊಂಡೇ ಭಾರದ ಸುತ್ತಿಗೆಯಿಂದ ನೇರ ಹೊಡೆಯಿರಿ. ಹಗುರ ಸುತ್ತಿಗೆಯಿಂದ ಕುಟ್ಟಿದರೆ ಸದ್ದು ಮಾತ್ರ. ಮೊದಮೊದಲು ಸ್ಕ್ರೂ ಸುತ್ತ ಕೆಂಪು ಪುಡಿ ಉದುರುತ್ತದೆ, ಬೇರೇನೂ ಆಗುವುದಿಲ್ಲ. ಆಮೇಲೆ ಒಂದು ಹೊಡೆತಕ್ಕೆ ಸದ್ದು ಬದಲಾಗುತ್ತದೆ, ಹಿಡಿ ಕೈಯಲ್ಲಿ ಚೂರು ಹೊರಳುತ್ತದೆ. ಅಷ್ಟಾದರೆ ಸಾಕು, ಮಿಕ್ಕಿದ್ದನ್ನು ಮಾಮೂಲಿ ಸ್ಕ್ರೂಡ್ರೈವರಿನಲ್ಲೇ ಬಿಚ್ಚಬಹುದು. ಅದು ಹೊರಳಿದಾಗ ಆಗುವ ಖುಷಿ ಇದೆಯಲ್ಲ, ಅದಕ್ಕೇ ಈ ಟೂಲ್ ತರಬೇಕು!

ಕೊರತೆಯೂ ಇದೆ. ಡಬ್ಬಿಯಲ್ಲಿ ಬಂದ ಬಿಟ್‌ಗಳು ಸಾಲದು. ಒಂದರ ತುದಿ ಎರಡನೇ ಸ್ಕ್ರೂಗೇ ಮುರಿಯಿತು. ಅಂಗಡಿಯವರು ಕೊಳ್ಳುವಾಗಲೇ ಹೇಳಿದ್ದರು, "ಬಿಟ್‌ಗೆ ಗ್ಯಾರಂಟಿ ಇಲ್ಲ ಸರ್, ಒಳ್ಳೇದು ಬೇಕಂದ್ರೆ ಬೇರೆ ತಗೊಂಡ್ಹೋಗಿ" ಅಂತ. ಪುಣ್ಯಕ್ಕೆ ಬೇರೆಯೇ ಒಂದು ತಂದಿದ್ದೆ. ಈ ಸ್ಕ್ರೂಗೆ ಬೇಕಿರುವುದು 3ನೇ ನಂಬರ್ ಬಿಟ್. ಎಲ್ಲರ ಮನೆಯಲ್ಲೂ ಇರುವುದು 2ನೇ ನಂಬರ್, ಅದು ಸಡಿಲವಾಗಿ ಕೂತು ಸ್ಕ್ರೂ ಕಚ್ಚನ್ನು ಕೆಡಿಸುತ್ತದೆ.

ಸ್ಕ್ರೂ ಬಂದ ಮೇಲೂ ಡಿಸ್ಕ್ ಹಬ್‌ಗೆ ಅಂಟಿಕೊಂಡಿರಬಹುದು. ಸಿಕ್ಕಾಪಟ್ಟೆ ಕುಟ್ಟಬೇಡಿ, ಬೇರಿಂಗ್‌ಗೆ ಏಟು ಬೀಳುತ್ತದೆ. ಡಿಸ್ಕಿನಲ್ಲೇ ಥ್ರೆಡ್ ಇರುವ ಎರಡು ತೂತುಗಳಿವೆ. ಎಂ8, 1.25 ಪಿಚ್‌ನ ಬೋಲ್ಟ್ ಎರಡನ್ನು ಅದರಲ್ಲಿ ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಡಿಸ್ಕ್ ತಾನಾಗಿ ಮುಂದೆ ಬರುತ್ತದೆ. ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದವರಿಗೆ ನಿಜಕ್ಕೂ ಥ್ಯಾಂಕ್ಸ್ ಹೇಳಬೇಕು.

ಸ್ಕ್ರೂ ತಲೆ ಪೂರ್ತಿ ಹಾಳಾಗಿದ್ದರೂ ಹೆದರಬೇಡಿ. 8 ಎಂಎಂ ಡ್ರಿಲ್‌ನಲ್ಲಿ ತಲೆಯನ್ನಷ್ಟೇ ಕೊರೆದು ತೆಗೆಯಿರಿ, ಡಿಸ್ಕ್ ಹೊರಗೆ ಬರುತ್ತದೆ, ಉಳಿದ ತುಂಡನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ತಿರುಗಿಸಬಹುದು. ಅಂಗಡಿಯಲ್ಲಿ ಜೊತೆಗೆ ಅಗ್ಗದ ಸ್ಕ್ರೂ ಎಕ್ಸ್‌ಟ್ರಾಕ್ಟರ್ (ಹಾಳಾದ ಸ್ಕ್ರೂವನ್ನು ಒಳಗಿನಿಂದ ಕಚ್ಚಿ ಬಿಚ್ಚುವ ಟೂಲ್) ಸೆಟ್ ತೋರಿಸಿದರೆ ಬೇಡ ಅನ್ನಿ. ಅದು ಗಡಸು ಉಕ್ಕು, ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಆಮೇಲೆ ಭಾಗ ಬಿಚ್ಚಿಕೊಂಡು ಲೇತ್ ಅಂಗಡಿಗೆ ಓಡಬೇಕಾಗುತ್ತದೆ.

ತೆಳು ಅಲ್ಯೂಮಿನಿಯಂ ಭಾಗಗಳ ಮೇಲೆ, ಅಂದ್ರೆ ಬೈಕಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದಂಥ ಕಡೆ, ಇದನ್ನು ಬಳಸಬೇಡಿ, ಒಡೆಯುತ್ತದೆ. ಕಾರನ್ನು ಜಾಕ್ ಮೇಲೆ ಮಾತ್ರ ನಿಲ್ಲಿಸದೆ ಸ್ಟ್ಯಾಂಡ್ ಕೊಡಿ, ಕಣ್ಣಿಗೆ ಕನ್ನಡಕ ಇರಲಿ. ಸ್ಪ್ರೇ ಹನಿ ಪ್ಯಾಡಿಗೋ ಡಿಸ್ಕಿಗೋ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ, ಪ್ಯಾಡ್ ಮೊದಲೇ ತೆಗೆದಿಡಿ, ಡಿಸ್ಕನ್ನು ಬ್ರೇಕ್ ಕ್ಲೀನರ್‌ನಲ್ಲಿ ಒರೆಸಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಸದ್ದು ಜಾಸ್ತಿ ಕೇಳುತ್ತದೆ, ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತು ಬಿಟ್ಟು ಕೆಲಸ ಇಟ್ಟುಕೊಳ್ಳಿ. ವಾಪಸ್ ಹಾಕಲು ಹೊಸ ಸ್ಕ್ರೂ ಎರಡು ಜೆ.ಸಿ. ರೋಡಿನಿಂದ ತನ್ನಿ, ಥ್ರೆಡ್‌ಗೆ ಮತ್ತೆ ಜಾಮ್ ಆಗದಂತೆ ತಡೆಯುವ ಆ್ಯಂಟಿ ಸೀಜ್ ಪೇಸ್ಟ್ ಚೂರೇ ಚೂರು ಹಚ್ಚಿ.