ಹಳೆ ಕ್ಯಾಬಿನ್ ಬೋಟ್ ಇದೆಯಾ? ಎಂಜಿನ್ ಕೋಣೆಗೆ ಕಾರಿನ ಸಾಮಾನು ಹಾಕಲು ಬಿಡಬೇಡಿ

ಪೆಟ್ರೋಲ್ ಎಂಜಿನ್ ಇರುವ ಹಳೆ ಕ್ಯಾಬಿನ್ ಕ್ರೂಸರ್ ಕೊಂಡವರು, ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಬಳಗದಲ್ಲೇ ಇಬ್ಬರು ಮೂವರು ಈಗ ಬೋಟ್ ಹುಡುಕುತ್ತಿದ್ದಾರೆ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಚೆಸಪೀಕ್ ಕೊಲ್ಲಿಯ ಹತ್ತಿರ. ನಮ್ಮದು 28 ಅಡಿಯ ಬೋಟ್, 1990ರ ದಶಕದ್ದು. ಒಳಗೆ ಮಲಗಲು ಜಾಗ, ಪುಟ್ಟ ಅಡುಗೆ ಕಟ್ಟೆ, ಹಿಂದೆ ನೆಲದಡಿ 5.7 ಲೀಟರಿನ ವಿ8 ಎಂಜಿನ್. ಕೊಳ್ಳುವ ಮುಂಚೆ ಬೋಟ್ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಕರೆಸಿದ್ದೆವು. ಬೋಟಿನ ಮೈ ಗಟ್ಟಿಯಾಗಿದೆ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಮತ್ತು ಪೆಟ್ರೋಲ್ ಪೈಪ್ ಬದಲಿಸಿ ಎಂದು ಅವರು ಬರೆದುಕೊಟ್ಟರು. ಆ ಪಟ್ಟಿ ಹಿಡಿದುಕೊಂಡು ಹತ್ತಿರದ ಒಂದು ಬೋಟ್ ಯಾರ್ಡ್‌ಗೆ ಕೆಲಸ ಒಪ್ಪಿಸಿದೆವು. ಬಿಲ್ಲಿನಲ್ಲಿ 'ಮರೀನ್ ಆಲ್ಟರ್ನೇಟರ್, ಮರೀನ್ ಪೈಪ್', ಅಂದರೆ ಬೋಟಿಗೆಂದೇ ಮಾಡಿದ್ದು, ಎಂದೇ ಬರೆದಿತ್ತು. ದುಡ್ಡು ತೆಗೆದುಕೊಂಡದ್ದೂ ಅದರ ಲೆಕ್ಕದಲ್ಲೇ.

ಬೇಸಿಗೆಯಲ್ಲಿ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಕೊಲ್ಲಿಯ ಒಂದು ಮೂಲೆಯಲ್ಲಿ ಲಂಗರು ಹಾಕಿ ಊಟ ಮುಗಿಸಿದೆವು. ನೀರು ತರಲು ಕ್ಯಾಬಿನ್ ಒಳಗೆ ಇಳಿದ ಭಾವ ಹಾಗೇ ಮೇಲೆ ಬಂದು, "ಏನಪ್ಪಾ, ಒಳಗೆ ಪೆಟ್ರೋಲ್ ವಾಸನೆ ಬರ್ತಿದೆಯಲ್ಲ" ಅಂದರು. ಎಂಜಿನ್ ಆಗ ಆಫ್ ಆಗಿತ್ತು. ಕೀ ಮುಟ್ಟಲಿಲ್ಲ, ಯಾವ ಸ್ವಿಚ್ಚನ್ನೂ ಒತ್ತಲಿಲ್ಲ. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ ಮುಂಭಾಗಕ್ಕೆ ಕಳಿಸಿ, ಕಿಟಕಿ ಬಾಗಿಲು ತೆರೆದು, ಎಳೆದೊಯ್ಯುವ ಬೋಟ್‌ಗೆ ಫೋನ್ ಮಾಡಿದೆವು. ಭಾವ ಕೆಳಗೆ ಇಳಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಮಕ್ಕಳಿದ್ದರು, ಅಲ್ವಾ.

ಬೇರೆ ಮೆಕ್ಯಾನಿಕ್ ಬಂದು ಎಂಜಿನ್ ಮೇಲಿನ ಮುಚ್ಚಳ ಎತ್ತಿದರು. ಹೊಸ ಪೈಪು ಸೇರುವ ಕಡೆ ಕ್ಲ್ಯಾಂಪ್ ಸಡಿಲ. ಅದರಡಿ ಬೆರಳು ಆಡಿಸಿ ನನ್ನ ಮೂಗಿನ ಹತ್ತಿರ ಹಿಡಿದರು. ಹಸಿ ಪೆಟ್ರೋಲ್. ಪೈಪಿನ ಮೇಲೆ ಎ1 ಎಂಬ ಗುರುತೇ ಇಲ್ಲ. ಬೋಟಿನ ಇಂಧನ ಪೈಪು ಬೆಂಕಿಯನ್ನು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ ಎಂದು ಹೇಳುವ ಗುರುತು ಅದು. ಆಮೇಲೆ ಆಲ್ಟರ್ನೇಟರ್ ಬಿಚ್ಚಿ ಹಿಂಭಾಗ ತೋರಿಸಿದರು. ಗಾಳಿಯಾಡುವ ಅಗಲವಾದ ಕಂಡಿಗಳು, ಟಾರ್ಚ್ ಬಿಟ್ಟರೆ ಒಳಗಿನ ತಾಮ್ರದ ಉಂಗುರ ಹೊಳೆಯುತ್ತಿತ್ತು. ಬ್ರಷ್ ಉಜ್ಜಿ ಕಿಡಿ ಏಳುವ ಜಾಗ ಅದೇ. ಬೋಟಿನ ಆಲ್ಟರ್ನೇಟರ್ ಆಗಿದ್ದರೆ ಕಿಡಿ ಹೊರಗಿನ ಆವಿಗೆ ತಗಲದ ಹಾಗೆ ಅಲ್ಲಿ ಸಣ್ಣ ಕಣ್ಣಿನ ಜಾಲರಿ ಇರಬೇಕಿತ್ತು. ಇದು ಕಾರಿನದ್ದು.

ಯಾರ್ಡ್‌ನವರನ್ನು ಕೇಳಿದರೆ, "ಎಂಜಿನ್ ಷೆವ್ರೊಲೆ ಕಾರಿನದ್ದೇ ತಾನೆ, ಕಾರಿನ ಪಾರ್ಟ್ ಸರಿಯಾಗಿ ಕೂರುತ್ತದೆ" ಎಂಬ ಉತ್ತರ. ಕೂರುತ್ತದೆ ನಿಜ. ಎಂಜಿನ್ನಿನ ಮುಖ್ಯ ಭಾಗವೂ ಕಾರಿನದ್ದೇ ಇರಬಹುದು. ಆದರೆ ಕಾರಿನ ಕೆಳಗೆ ಬಯಲು ಇರುತ್ತದೆ. ಪೆಟ್ರೋಲ್ ಸೋರಿದರೆ ಆವಿ ಗಾಳಿಗೆ ಹೋಗುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬೋಟಿನಲ್ಲಿ ಅದು ಬಾವಿಗೆ ಇಳಿದ ಹಾಗೆ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಕಿಡಿ ಸಾಕು. ಅದಕ್ಕೇ ಪೆಟ್ರೋಲ್ ಎಂಜಿನ್ ಕೋಣೆಯ ವಿದ್ಯುತ್ ಸಾಮಾನು ಆವಿಗೆ ಬೆಂಕಿ ಹತ್ತಿಸದಂತೆ ಇರಬೇಕು ಎಂದು ಅಮೆರಿಕದ ಬೋಟ್ ತಯಾರಿಕೆಯ ನಿಯಮಗಳೇ ಹೇಳುತ್ತವೆ. ಇದು ಗೊತ್ತಿದ್ದೂ ಅಗ್ಗದ ಪಾರ್ಟ್ ಹಾಕಿ ಮರೀನ್ ಬೆಲೆ ತೆಗೆದುಕೊಳ್ಳುವುದು ಬರೀ ಮೋಸ ಅಲ್ಲ, ಜೀವದ ಜೊತೆ ಆಟ.

ಆದ್ದರಿಂದ ಬಿಲ್ ನಂಬಬೇಡಿ, ಪಾರ್ಟ್ ನೋಡಿ. ಆಲ್ಟರ್ನೇಟರ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಮೇಲೆ 'ಇಗ್ನಿಷನ್ ಪ್ರೊಟೆಕ್ಟೆಡ್' (ಆವಿಗೆ ಬೆಂಕಿ ಹತ್ತಿಸದಂತೆ ಮಾಡಿದ್ದು) ಅಥವಾ ಅದೇ ಗುಣಮಟ್ಟದ ಗುರುತಾದ ಎಸ್‌ಎಇ ಜೆ1171 ಎಂದು ಇದೆಯಾ ನೋಡಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಕೂಡ ಕಾರಿನದ್ದಾಗಬಾರದು. ಮರೀನ್ ಕಾರ್ಬ್ಯುರೇಟರ್ ಉಕ್ಕಿದರೆ ಪೆಟ್ರೋಲ್ ಎಂಜಿನ್ ಒಳಕ್ಕೇ ಹೋಗುತ್ತದೆ, ಹೊರಗೆ ಚೆಲ್ಲುವುದಿಲ್ಲ. ಅದರ ತಲೆಯ ಮೇಲೆ, ಎಂಜಿನ್ ಒಳಗಿನ ಬೆಂಕಿ ಹೊರಗೆ ಬಾರದಂತೆ ತಡೆಯುವ ಫ್ಲೇಮ್ ಅರೆಸ್ಟರ್ ಇರಲೇಬೇಕು. ಕಾರಿನ ಏರ್ ಫಿಲ್ಟರ್ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ. ಹಳೆ ಪಾರ್ಟ್‌ಗಳನ್ನು ವಾಪಸ್ ಕೇಳಿ, ಹೊಸದರ ಡಬ್ಬ ಮತ್ತು ನಂಬರಿನ ಫೋಟೊ ಕೇಳಿ. ಕೊಡಲು ಹಿಂದೆ ಮುಂದೆ ನೋಡುವವರ ಕೈಗೆ ಬೋಟ್ ಕೊಡಬೇಡಿ.

ಎಂಜಿನ್ ಕೋಣೆಯ ಆವಿಯನ್ನು ಹೊರಗೆ ಹಾಕುವ ಬ್ಲೋವರ್ ಫ್ಯಾನ್ ಅನ್ನು ಎಂಜಿನ್ ಶುರು ಮಾಡುವ ಮುಂಚೆ ಕನಿಷ್ಠ 4 ನಿಮಿಷ ಓಡಿಸಿ ಎಂಬ ಚೀಟಿ ಚುಕ್ಕಾಣಿಯ ಹತ್ತಿರ ಅಂಟಿಸಿರುತ್ತದೆ. ಅದನ್ನು ಸುಮ್ನೆ ಅಂಟಿಸಿಲ್ಲ. ಪೆಟ್ರೋಲ್ ತುಂಬಿಸುವಾಗ ಕ್ಯಾಬಿನ್ ಬಾಗಿಲು ಕಿಟಕಿ ಮುಚ್ಚಿ, ಎಲ್ಲರನ್ನೂ ದಡಕ್ಕೆ ಇಳಿಸಿ. ತುಂಬಿಸಿದ ಮೇಲೆ ಎಲ್ಲವನ್ನೂ ತೆರೆದು ಬ್ಲೋವರ್ ಓಡಿಸಿ. ಆದರೂ ಮೂಗಿನಷ್ಟು ಒಳ್ಳೆಯ ಯಂತ್ರ ಇನ್ನೊಂದಿಲ್ಲ. ಕೆಳಗೆ ಬಗ್ಗಿ ಮೂಸಿ ನೋಡಿದ ಮೇಲೆಯೇ ಕೀ ತಿರುಗಿಸಿ.

ಹಳೆ ಬೋಟಿನಲ್ಲಿ ಕೈಕೊಡುವ ಬೇರೆ ಜಾಗಗಳೂ ಇವೆ. ಔಟ್‌ಡ್ರೈವ್‌ನ (ಬೋಟಿನ ಹಿಂದೆ ಹೊರಗಿರುವ, ಪ್ರೊಪೆಲ್ಲರ್ ತಿರುಗಿಸುವ ಭಾಗ) ರಬ್ಬರ್ ಬೆಲೋಸ್, ಅಂದರೆ ನೀರು ಒಳಬಾರದಂತೆ ತಡೆಯುವ ಮಡಿಕೆ ಕೊಳವೆ, ಹರಿದರೆ ಬೋಟ್ ಕಟ್ಟಿದಲ್ಲೇ ಮುಳುಗಬಹುದು. ಚಳಿಗಾಲಕ್ಕೆ ಮುಂಚೆ ಎಂಜಿನ್ ನೀರು ಖಾಲಿ ಮಾಡದಿದ್ದರೆ ಅದು ಹೆಪ್ಪುಗಟ್ಟಿ ಎಂಜಿನ್ನಿನ ಬ್ಲಾಕ್ (ಮುಖ್ಯ ಲೋಹದ ಭಾಗ) ಸೀಳುತ್ತದೆ. ಇವೆರಡೂ ದುಡ್ಡಿನ ನಷ್ಟ. ಪೆಟ್ರೋಲ್ ಆವಿಯ ವಿಷಯ ಹಾಗಲ್ಲ.

ಅಮೆರಿಕದ ಕರಾವಳಿ ಕಾವಲು ಪಡೆಗೆ ನೆರವಾಗುವ ಕೋಸ್ಟ್ ಗಾರ್ಡ್ ಆಕ್ಸಿಲರಿಯ ಸ್ವಯಂಸೇವಕರು ಉಚಿತವಾಗಿ ಬೋಟ್ ಸುರಕ್ಷತೆ ತಪಾಸಣೆ ಮಾಡುತ್ತಾರೆ. ಕರೆಸಿ. ಅವರು ಪ್ರತಿ ಪಾರ್ಟನ್ನೂ ಬಿಚ್ಚಿ ನೋಡುವುದಿಲ್ಲ, ಆದರೆ ಫ್ಲೇಮ್ ಅರೆಸ್ಟರ್, ಗಾಳಿಯ ವ್ಯವಸ್ಥೆ, ಬೆಂಕಿ ಆರಿಸುವ ಸಿಲಿಂಡರ್ ನೋಡುತ್ತಾರೆ. ಆ ಸಿಲಿಂಡರ್ ಮೇಲೆ ತಯಾರಾದ ವರ್ಷ ಒತ್ತಿರುತ್ತದೆ. 2022ರ ಏಪ್ರಿಲ್‌ನಿಂದ ಜಾರಿಯಾದ ನಿಯಮದ ಪ್ರಕಾರ, ಮತ್ತೆ ತುಂಬಿಸಲಾಗದ ಸಿಲಿಂಡರ್ 12 ವರ್ಷಕ್ಕಿಂತ ಹಳೆಯದಾಗಿದ್ದರೆ ಬದಲಿಸಬೇಕು. ಬೋಟ್ ಜೊತೆಗೇ ಬಂದ ಹಳೆ ಸಿಲಿಂಡರ್ ಇದ್ದರೆ ಇವತ್ತೇ ತಿರುಗಿಸಿ ನೋಡಿ.