ಸ್ಟೇಬಲ್‌ಕಾಯಿನ್, ಚಿನ್ನದ ಟೋಕನ್ ಮಾರುವ ಆ್ಯಪ್‌ಗಳು: ಕೈಗೆ ಬರುವುದೆಷ್ಟು?

ಮಂಡ್ಯದ ಮಂಡಿಗೆ ಬೆಲ್ಲ ಹಾಕುವವರು ಕ್ವಿಂಟಲ್ ದರ ಕೇಳಿ ಸುಮ್ಮನಾಗುವುದಿಲ್ಲ, ಪಟ್ಟಿ ನೋಡುತ್ತಾರೆ. ಎಲ್ಲ ಕಡಿತ ಕಳೆದು ಕೈಗೆ ಬಂದದ್ದೇ ದರ. ಒಂದು ಡಾಲರ್ ಬೆಲೆಗೆ ಹೊಂದಿಕೊಂಡಿರುವ ಕ್ರಿಪ್ಟೊ ನಾಣ್ಯ, ಅಂದರೆ ಸ್ಟೇಬಲ್‌ಕಾಯಿನ್ ಆದ ಯುಎಸ್‌ಡಿಟಿಯನ್ನು ರೂಪಾಯಿಗೆ ಮಾರುವ ಆ್ಯಪ್‌ಗಳನ್ನೂ ಹಾಗೇ ಅಳೆಯಬೇಕು.

ಶುಲ್ಕ ಶೇ. 0.5, ಒಂದು ಯುಎಸ್‌ಡಿಟಿಗೆ ನೀವು ಕೊಳ್ಳುವ ದರ 90 ರೂ., ಮಾರುವ ದರ 88 ರೂ. ಎಂದಿಟ್ಟುಕೊಳ್ಳಿ. 1,00,000 ರೂ. ಹಾಕಿದರೆ ಶುಲ್ಕ 500, ಅದರ ಮೇಲೆ ಶೇ. 18 ಜಿಎಸ್‌ಟಿ 90 ಹೋಗಿ 1,104.56 ಯುಎಸ್‌ಡಿಟಿ ಸಿಗುತ್ತದೆ. ಆಗಲೇ ಮಾರಿದರೆ 97,201 ರೂ. ಶುಲ್ಕ, ಜಿಎಸ್‌ಟಿ ಸೇರಿ 574 ಕಳೆದರೆ 96,627. ಅದರಲ್ಲಿ ಶೇ. 1 ಟಿಡಿಎಸ್ 966 ಹಿಡಿದು ಬ್ಯಾಂಕಿಗೆ ಬರುವುದು 95,661. ಟಿಡಿಎಸ್ ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ತೆರಿಗೆ ಕಡಿತದ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಮಿಕ್ಕ 3,373 ಮಾತ್ರ ವಾಪಸ್ ಬರುವುದಿಲ್ಲ. ಅದರಲ್ಲಿ ಎರಡು ದರಗಳ ನಡುವಿನ ಅಂತರವೇ 2,209. ಶುಲ್ಕದ ಪುಟದಲ್ಲಿ ಇದನ್ನು ಹುಡುಕಿದರೆ ಸಿಗದು. ‘ತಕ್ಷಣ ಕೊಳ್ಳಿ’ ಗುಂಡಿ ಒತ್ತಿದರೆ ಅಂತರ ಪೂರ್ತಿ ನಿಮ್ಮ ತಲೆಗೆ. ಲಿಮಿಟ್ ಆರ್ಡರ್, ಅಂದರೆ ನಿಮ್ಮ ದರ ನೀವೇ ನಮೂದಿಸಿ ಕಾಯುವ ಸೌಲಭ್ಯ ಇರುವ ಆ್ಯಪನ್ನೇ ಆರಿಸಿ.

ಹೊರಗಿನ ವಾಲೆಟ್‌ಗೆ ಕಳಿಸುವ ಶುಲ್ಕ ಸಾಮಾನ್ಯವಾಗಿ ಶೇಕಡಾವಾರು ಅಲ್ಲ, ಇಂತಿಷ್ಟೇ ಎಂದಿರುತ್ತದೆ. 5 ಯುಎಸ್‌ಡಿಟಿ ಶುಲ್ಕವಿದ್ದರೆ 50 ಕಳಿಸುವವರಿಗೆ ಶೇ. 10 ಹೋದಂತೆ. ದೊಡ್ಡ ತಪ್ಪು ನಡೆಯುವುದೂ ಇಲ್ಲೇ. ಯುಎಸ್‌ಡಿಟಿ ಟ್ರಾನ್, ಇಥೀರಿಯಂ, ಪಾಲಿಗಾನ್ ಎಂಬ ಬೇರೆ ಬೇರೆ ನೆಟ್‌ವರ್ಕ್‌ಗಳಲ್ಲಿ ಓಡಾಡುತ್ತದೆ. ಟ್ರಾನ್ ವಿಳಾಸ ಟಿ ಅಕ್ಷರದಿಂದ ಶುರುವಾಗುತ್ತದೆ, ಗುರುತಿಸುವುದು ಸುಲಭ. ಇಥೀರಿಯಂ, ಪಾಲಿಗಾನ್ ವಿಳಾಸಗಳು ಎರಡೂ ಸೊನ್ನೆ-ಎಕ್ಸ್‌ನಿಂದಲೇ ಶುರು. ಇವೆರಡರಲ್ಲಿ ನೆಟ್‌ವರ್ಕ್ ತಪ್ಪಿದರೂ ಆ್ಯಪ್ ತಕರಾರಿಲ್ಲದೆ ಕಳಿಸಿಬಿಡಬಹುದು, ಆಚೆ ಕಡೆ ಜಮೆಯಾಗದೇ ಹೋಗಬಹುದು. ಮೊದಲು ಸಣ್ಣ ಮೊತ್ತ ಕಳಿಸಿ, ತಲುಪಿದ್ದು ನೋಡಿಯೇ ಉಳಿದದ್ದು.

ಚಿನ್ನದ ಟೋಕನ್ ವಿಷಯದಲ್ಲಿ ನಮ್ಮ ಶಿಫಾರಸು ಇಲ್ಲ. ಇಂಥ ಟೋಕನ್ ಎಂದರೆ ಖಜಾನೆಯಲ್ಲಿಟ್ಟ ಚಿನ್ನದ ಮೇಲಿನ ಹಕ್ಕನ್ನು ಸೂಚಿಸುವ ಕ್ರಿಪ್ಟೊ. ಅಂಥದ್ದೊಂದಾದ ಪ್ಯಾಕ್ಸ್ ಗೋಲ್ಡ್‌ನ ಒಂದು ಟೋಕನ್ ಎಂದರೆ ಒಂದು ಟ್ರಾಯ್ ಔನ್ಸ್, 31.1 ಗ್ರಾಂ. ಅದರ ಹಿಂದಿರುವುದು ಲಂಡನ್ ಮಾರುಕಟ್ಟೆಯ ಮಾನದಂಡದ ದೊಡ್ಡ ಚಿನ್ನದ ಗಟ್ಟಿ. ಒಂದೊಂದೂ ಸುಮಾರು 12.4 ಕೆಜಿ. ಮೈಸೂರಿನ ಅಶೋಕ ರಸ್ತೆಯಲ್ಲಿ ನಾಣ್ಯ ಕೊಂಡ ಹಾಗೆ ಹತ್ತು ಗ್ರಾಂ ಕೈಗೆ ಪಡೆಯಲು ಆಗುವುದಿಲ್ಲ. ಯುಎಸ್‌ಡಿಟಿ ಕೊಟ್ಟು ಟೋಕನ್ ಕೊಂಡರೆ ಅದು ಯುಎಸ್‌ಡಿಟಿ ಮಾರಿದಂತೆಯೂ ಲೆಕ್ಕ, ಅಲ್ಲೂ ಟಿಡಿಎಸ್. ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು 2022ರ ಏಪ್ರಿಲ್‌ನಿಂದ ಅವಕಾಶವಿಲ್ಲ, ಮಾರುವಾಗಿನ ಶುಲ್ಕಕ್ಕೂ ಇಲ್ಲ. ಬೆಲೆಯ ಏರಿಳಿತವಷ್ಟೇ ಬೇಕಿದ್ದರೆ ಡಿಮ್ಯಾಟ್ ಖಾತೆಯಲ್ಲಿ ಷೇರಿನಂತೆ ಕೊಳ್ಳುವ ಚಿನ್ನದ ಫಂಡ್, ಗೋಲ್ಡ್ ಇಟಿಎಫ್ ಸಾಕು.

ಖಾತೆ ತೆರೆಯುವ ಮುನ್ನ ಎರಡು ವಿಷಯ ಖಚಿತಪಡಿಸಿಕೊಳ್ಳಿ: ಆ್ಯಪ್ ನಡೆಸುವ ಸಂಸ್ಥೆ, ಅಕ್ರಮ ಹಣದ ವಹಿವಾಟಿನ ಮೇಲೆ ಕಣ್ಣಿಡುವ ಕೇಂದ್ರದ ಘಟಕ ಎಫ್‌ಐಯು-ಇಂಡಿಯಾದಲ್ಲಿ ನೋಂದಣಿ ಆಗಿದೆಯೇ, ಪ್ರತಿ ವಹಿವಾಟಿನ ದಿನಾಂಕ, ದರ, ಟಿಡಿಎಸ್ ಇರುವ ಪಟ್ಟಿಯನ್ನು ಇಳಿಸಿಕೊಳ್ಳಲು ಬಿಡುತ್ತದೆಯೇ. ರಿಟರ್ನ್ಸ್‌ನಲ್ಲಿ ಕ್ರಿಪ್ಟೊ ವಿವರ ಕೊಡುವ ವಿಡಿಎ (ವರ್ಚುವಲ್ ಡಿಜಿಟಲ್ ಆಸ್ತಿ) ಶೆಡ್ಯೂಲ್ ತುಂಬಲು ನಿಮ್ಮ ಆಡಿಟರ್ ಮೊದಲು ಕೇಳುವುದು ಆ ಪಟ್ಟಿಯನ್ನೇ.